ಪಾವ್ಲೊವಾಳ ಪಾದ

ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೊವಾಳ ಹಳೆಯ ಫೋಟೋ ಯಾವುದನ್ನೇ ತೆಗೆದುಕೊಳ್ಳಿ, ಕಣ್ಣು ಮೊದಲು ಕುತ್ತಿಗೆಗೆ ಹೋಗುತ್ತದೆ, ಆಮೇಲೆ ಕೈಗಳಿಗೆ. ಇನ್ನೂ ಕೆಳಗಿಳಿದು ಕಾಲಿನ ತುದಿಯನ್ನೊಮ್ಮೆ ನೋಡಿ. ದಬ್ಬಳದ ಮೊನೆಯಂತೆ ಚೂಪಾಗಿದೆ. ಅಷ್ಟು ಜಾಗದಲ್ಲಿ ಒಂದು ಬೆರಳೂ ಹಿಡಿಸದು, ಅದರ ಮೇಲೆ ಮನುಷ್ಯರು ನಿಲ್ಲುವುದಂತೂ ದೂರದ ಮಾತು. ಆ ಚೂಪು ಶೂ ಹೊಲಿದವನದಲ್ಲ, ಫೋಟೋ ತಿದ್ದಿದವನದು. ರಂಗದ ಮೇಲೆ ಆಕೆ ಹಾಕುತ್ತಿದ್ದ ಶೂಗೆ ಚಪ್ಪಟೆಯಾದ, ಗಡುಸಾದ ತುದಿ ಇತ್ತು. ಚಿತ್ರದಲ್ಲಿ ಅದು ದಪ್ಪಗೆ ಕಾಣುತ್ತದೆಂದು ಅದರ ಅಂಚನ್ನು ಅಳಿಸಿಸುತ್ತಿದ್ದಳು.

ಇದನ್ನು ಬರಿಯ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕಾಲದ ಬ್ಯಾಲೆಗೆ ಹೇಳಿ ಮಾಡಿಸಿದಂತಲ್ಲದ ಒಂದು ಪಾದವನ್ನು ಇಟ್ಟುಕೊಂಡು, ಅದರ ತೊಂದರೆಯನ್ನು ಶೂ ಒಳಗೆ ಬಚ್ಚಿಟ್ಟು, ಚೆಲುವನ್ನು ಮಾತ್ರ ಹೊರಗೆ ತೋರಿಸಿ ಮೂವತ್ತು ವರ್ಷ ಕುಣಿದವಳು ಪಾವ್ಲೊವಾ. ಹಾಗಾಗಿ ಆಕೆಯ ಕತೆಯನ್ನು ಪಾದದಿಂದಲೇ ಶುರುಮಾಡುವುದು ಸರಿ.

ತುದಿಗಾಲಲ್ಲಿ ನಿಂತಾಗ ಮೊಣಕಾಲು, ಹರಡು, ಪಾದದ ಮೇಲ್ಭಾಗ, ಬೆರಳು ಇಷ್ಟೂ ತೂಗುಬಿಟ್ಟ ದಾರದಂತೆ ಒಂದೇ ನೇರದಲ್ಲಿ ಇರಬೇಕು. ಕಮಾನು ಕಡಿಮೆಯಿರುವ ಪಾದ ಆ ನೇರಕ್ಕೆ ಬರುವುದೇ ಇಲ್ಲ. ಭಾರ ಹಿಂದೆ ಉಳಿಯುತ್ತದೆ. ಕಮಾನು ವಿಪರೀತ ಇದ್ದರೆ ಉಲ್ಟಾ ತೊಂದರೆ: ಪಾದ ನೇರವನ್ನು ದಾಟಿ ಮುಂದಕ್ಕೆ ಮಗುಚುತ್ತದೆ. ನೋಡುವವರಿಗೆ ಆ ಬಾಗು ಬಲು ಚೆಂದ. ನಿಲ್ಲುವವಳಿಗೆ ಮಾತ್ರ ಹೆಜ್ಜೆಹೆಜ್ಜೆಗೂ ಹರಡಿನ ಸ್ನಾಯು ಹಿಂದಕ್ಕೆ ಎಳೆದು ಹಿಡಿಯುವ ಕೆಲಸ. ಪಾವ್ಲೊವಾಳದು ಈ ಎರಡನೆಯ ಜಾತಿ. ಜೊತೆಗೆ ಪಾದ ಸಪೂರ, ತುದಿಗೆ ಹೋಗುತ್ತ ಕಿರಿದಾಗುವಂಥದ್ದು. ಐದೂ ಬೆರಳು ಹೆಚ್ಚುಕಡಿಮೆ ಒಂದೇ ಉದ್ದವಿದ್ದರೆ ಭಾರ ಹಂಚಿಹೋಗುತ್ತದೆ. ಇಂಥ ಪಾದದಲ್ಲಿ ಇಡೀ ಮೈಯ ತೂಕ ಹೆಬ್ಬೆರಳೊಂದರ ಮೇಲೆ ಬೀಳುತ್ತದೆ.

ಇದಕ್ಕೆ ಆಕೆ ಕಂಡುಕೊಂಡ ಉಪಾಯ ಸರಳ. ಅಂಗಾಲಿನ ಕೆಳಗೆ, ಶೂ ಒಳಗೆ, ಗಟ್ಟಿ ಚರ್ಮದ ಪಟ್ಟಿ ಸೇರಿಸಿದಳು. ಪಾದ ಮುಂದಕ್ಕೆ ಮಗುಚದಂತೆ ಅದು ತಡೆಯುತ್ತಿತ್ತು. ಬೆರಳಿನ ಸುತ್ತಲಿನ ಭಾಗವನ್ನು ಚಪ್ಪಟೆ ಮಾಡಿ, ಗಡುಸು ಮಾಡಿಕೊಂಡಳು. ನಿಲ್ಲಲು ಒಂದಿಷ್ಟು ಜಾಗ ಸಿಕ್ಕಿತು. ಮಿಲಾನಿನ ರೋಮಿಯೊ ನಿಕೊಲಿನಿ ಎಂಬವನ ಅಂಗಡಿಯಿಂದ ಶೂ ತರಿಸಿ, ತನಗೆ ಬೇಕಾದಂತೆ ಮತ್ತೆ ತಿದ್ದಿಕೊಳ್ಳುತ್ತಿದ್ದಳು. ಬರಿಯ ಕಾಲಿನ ಬಲದಿಂದಲೇ ತುದಿಯಲ್ಲಿ ನಿಲ್ಲಬೇಕೆಂದು ನಂಬಿದ್ದ ಕಾಲ ಅದು, ಇದು ಮೋಸ ಎಂದವರೂ ಇದ್ದರು. ಇವತ್ತು ಯಾವ ಅಂಗಡಿಯಲ್ಲಿ ಪಾಯಿಂಟ್ ಶೂ (ತುದಿಗಾಲಲ್ಲಿ ಕುಣಿಯುವ ಶೂ) ಕೊಂಡರೂ ಗಟ್ಟಿ ಅಟ್ಟೆ, ಚಪ್ಪಟೆ ತುದಿ ಎರಡೂ ಇದ್ದೇ ಇರುತ್ತವೆ.

ಪಾಯಿಂಟ್ ಶೂ ಒಳಗೆ ಮರವೋ ಕಬ್ಬಿಣವೋ ಇರುತ್ತದೆಂದು ಅಂದುಕೊಂಡವರು ಬಹಳ. ಸಾಂಪ್ರದಾಯಿಕ ಶೂನಲ್ಲಿ ಅಂಥದ್ದೇನೂ ಇಲ್ಲ. ಗೋಣಿಯಂಥ ಒರಟು ಬಟ್ಟೆ ಮತ್ತು ಕಾಗದವನ್ನು ಪದರಪದರವಾಗಿ ಹಿಟ್ಟಿನ ಅಂಟಿನಲ್ಲಿ ಕೂಡಿಸಿ, ಅಚ್ಚಿನ ಮೇಲೆ ಒಣಗಿಸುತ್ತಾರೆ. ನಮ್ಮೂರ ಗೋಡೆಗಳಿಗೆ ಸಿನಿಮಾ ಪೋಸ್ಟರ್ ಹಚ್ಚುತ್ತಿದ್ದ ಮೈದಾ ಅಂಟಿನ ಹತ್ತಿರದ ನೆಂಟನೇ ಇದು. ಮೇಲೆ ಸ್ಯಾಟಿನ್ ಹೊದಿಕೆ, ಕೆಳಗೆ ಚರ್ಮದ ಅಟ್ಟೆ. ಇಡೀ ಶೂವನ್ನು ಒಳಮಗ್ಗುಲು ಹೊರಗೆ ಮಾಡಿ ಹೊಲಿದು, ಕೊನೆಗೆ ಚೀಲ ತಿರುಗಿಸಿದಂತೆ ತಿರುಗಿಸುತ್ತಾರೆ. ಎಡ ಬಲ ಎಂಬ ಭೇದವಿಲ್ಲ. ಹಾಕಿ ಹಾಕಿ ಆಗಬೇಕು. ರಿಬ್ಬನ್ ಹೊಲಿದುಕೊಳ್ಳುವುದು ನರ್ತಕಿಯದೇ ಕೆಲಸ. ತುದಿಯ ಸುತ್ತ ದಪ್ಪ ದಾರದಿಂದ ರಫು ಹಾಕಿದರೆ ಸ್ಯಾಟಿನ್ ಬೇಗ ಹರಿಯುವುದಿಲ್ಲ, ನೆಲದ ಮೇಲೆ ಒಂದಿಷ್ಟು ಹಿಡಿತವೂ ಬರುತ್ತದೆ. ಜಾರುವ ಹಲಗೆಯಾದರೆ ರಾಳದ ಪುಡಿಯಲ್ಲಿ ತುದಿಯನ್ನು ತಿಕ್ಕಿಕೊಳ್ಳುತ್ತಾರೆ.

ಅಂಟಿನ ಶೂಗೆ ದೊಡ್ಡ ಶತ್ರು ಬೆವರು. ಬಿಸಿ, ತೇವ ಎರಡೂ ಸೇರಿದರೆ ಅಂಟು ಮೆತ್ತಗಾಗುತ್ತದೆ, ಅಟ್ಟೆ ಬಾಗಬಾರದ ಕಡೆ ಬಾಗುತ್ತದೆ, ಬೆರಳು ನೇರ ನೆಲಕ್ಕೇ ತಾಗುತ್ತದೆ. ಹೊಚ್ಚಹೊಸ ಶೂ ಹಾಕಿದರೆ ಇನ್ನೊಂದು ಫಜೀತಿ: ಹಲಗೆಯ ಮೇಲೆ ಟಕಟಕ ಸದ್ದು. ಹಾಗಾಗಿ ಹೊಸದನ್ನು ನೆಲಕ್ಕೋ ಮೆಟ್ಟಿಲಿಗೋ ಬಡಿದು ಹದಮಾಡಬೇಕು; ಬಡಿದದ್ದು ಹೆಚ್ಚಾದರೆ ಆ ರಾತ್ರಿಗೇ ಶೂ ಸತ್ತಿತು. ಪಾವ್ಲೊವಾ ಮುಂದೆ ಸುತ್ತಿದ ಊರುಗಳಲ್ಲಿ ಸಿಂಗಪುರ, ರಂಗೂನ್, ಕಲ್ಕತ್ತಾ, ಮುಂಬಯಿ ಸೇರಿವೆ ಎಂಬುದನ್ನು ನೆನಪಿಟ್ಟುಕೊಂಡರೆ, ಪೆಟ್ಟಿಗೆಗಳಲ್ಲಿ ಶೂಗಳದ್ದೇ ಭಾರ ಎಷ್ಟಿದ್ದಿರಬೇಕೆಂದು ಊಹಿಸಬಹುದು.

ಆಕೆ ಹುಟ್ಟಿದ್ದು 1881ರ ಫೆಬ್ರವರಿ 12ರಂದು, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ರಷ್ಯಾದ ಹಳೆಯ ಪಂಚಾಂಗದಲ್ಲಿ ಅದು ಜನವರಿ 31. ತಾಯಿ ಲ್ಯುಬೋವ್ ಬಟ್ಟೆ ಒಗೆಯುವ ಕೆಲಸದವಳು. ತಂದೆ ಯಾರೆಂಬುದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಾಟ್ಯಕ್ಕೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ನರಪೇತಲ ಮಗು, ಬೆಳೆದದ್ದು ಲಿಗೊವೊ ಎಂಬಲ್ಲಿ, ಅಜ್ಜಿಯ ಮನೆಯಲ್ಲಿ. ತಾಯಿ ಒಮ್ಮೆ ಮರೀನ್ಸ್ಕಿ ರಂಗಮಂದಿರಕ್ಕೆ ಕರೆದುಕೊಂಡು ಹೋಗಿ ಚೈಕೊವ್‌ಸ್ಕಿಯ ‘ಸ್ಲೀಪಿಂಗ್ ಬ್ಯೂಟಿ’ ತೋರಿಸಿದಳು. ಅಲ್ಲಿಂದ ಹುಡುಗಿಗೆ ಒಂದೇ ಹಟ. ಬ್ಯಾಲೆ ಶಾಲೆಯವರು ಮೊದಲ ಸಲ, ವಯಸ್ಸು ಸಾಲದು ಎಂದು ವಾಪಸು ಕಳಿಸಿದರು. ಸೇರಿಸಿಕೊಂಡದ್ದು 1891ರಲ್ಲಿ, ಹತ್ತು ತುಂಬಿದ ಮೇಲೆ.

ಚಕ್ರವರ್ತಿಯ ಆ ಶಾಲೆ ಇದ್ದದ್ದು ಥಿಯೇಟರ್ ಬೀದಿಯಲ್ಲಿ. ಈಗ ಆ ಬೀದಿಗೆ ಅದನ್ನು ಕಟ್ಟಿದ ವಾಸ್ತುಶಿಲ್ಪಿ ರೋಸಿಯ ಹೆಸರು. 220 ಮೀಟರ್ ಉದ್ದ, 22 ಮೀಟರ್ ಅಗಲ, ಎರಡೂ ಮಗ್ಗುಲ ಕಟ್ಟಡಗಳ ಎತ್ತರವೂ 22 ಮೀಟರ್! ಅಳತೆಯ ಕಲೆ ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಬೀದಿ ಎಲ್ಲಿ ಸಿಕ್ಕೀತು? ಖರ್ಚೆಲ್ಲ ಅರಮನೆಯದು, ಊಟ ವಸತಿ ಅಲ್ಲೇ, ಎಂಟು ವರ್ಷದ ಓದು. ಆಗ ಮೆಚ್ಚುಗೆಯಾಗುತ್ತಿದ್ದದ್ದು ಗಿಡ್ಡಗೆ, ತುಂಬಿಕೊಂಡ ಮೈಕಟ್ಟು. ಇವಳೋ ಕಡ್ಡಿ. ದಪ್ಪವಾಗಲೆಂದು ಮೀನೆಣ್ಣೆ ಕುಡಿಸಿದರು. ಜೊತೆಯ ಹುಡುಗಿಯರು ‘ಪೊರಕೆ’ ಎಂದು ಹೆಸರಿಟ್ಟರು.

ಇನ್ನೊಂದು ಕೊರತೆಯೂ ಇತ್ತು. ಬ್ಯಾಲೆಯಲ್ಲಿ ಕಾಲು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಬೇಕು. ಭರತನಾಟ್ಯದ ಅರೆಮಂಡಿ ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ: ಮಂಡಿಯನ್ನು ಪಾದದಿಂದ ಬಲವಂತವಾಗಿ ತಿರುಗಿಸಿದರೆ ನೋವು ಗ್ಯಾರಂಟಿ, ತಿರುವು ತೊಡೆಯ ಬುಡದಲ್ಲಿ ಹುಟ್ಟಬೇಕು. ಪಾವ್ಲೊವಾಳ ಸೊಂಟ ಅಷ್ಟು ತೆರೆಯುತ್ತಿರಲಿಲ್ಲ. ಆಕೆಯ ಪಾದಗಳ ನಿಲುವು ಸಡಿಲ ಎಂದು ಆಮೇಲೂ ಶಾಸ್ತ್ರ ಬಲ್ಲವರು ಗೊಣಗುತ್ತಿದ್ದರು. ಗೊಣಗಾಟ ನ್ಯಾಯವಾದದ್ದೇ.

ಅದೇ ಹೊತ್ತಿಗೆ ಇಟಲಿಯ ನರ್ತಕಿಯರು ಪೀಟರ್ಸ್‌ಬರ್ಗನ್ನು ಮರುಳುಮಾಡಿದ್ದರು. ಪಿಯೆರಿನಾ ಲೆನ್ಯಾನಿ 1893ರಲ್ಲಿ ಅಲ್ಲಿ ಒಂದೇ ಕಾಲಿನ ಮೇಲೆ, ನಡುವೆ ಎಲ್ಲೂ ತಡೆಯದೆ, 32 ಫ್ವೆತೆ ಹಾಕಿ ತೋರಿಸಿದಳು. ಎರಡು ವರ್ಷದ ನಂತರ ಅದು ‘ಸ್ವಾನ್ ಲೇಕ್’ ಒಳಗೂ ಸೇರಿತು. ಫ್ವೆತೆ ಅಂದರೆ ಎತ್ತಿದ ಕಾಲನ್ನು ಚಾವಟಿಯಂತೆ ಬೀಸಿ ಆ ಬೀಸಿನಿಂದಲೇ ಸುತ್ತುವುದು. ಪ್ರತಿ ಸುತ್ತಿಗೂ ನಿಂತ ಕಾಲು ಒಮ್ಮೆ ಇಳಿಯಬೇಕು, ಒಮ್ಮೆ ಏರಬೇಕು, ಅದೂ ಅದೇ ಜಾಗದಲ್ಲಿ. ಹರಡು ಒಂದಿಷ್ಟು ಅಲುಗಿದರೆ ನಾಲ್ಕನೆಯ ಸುತ್ತಿಗೆ ಜಾಗ ತಪ್ಪುತ್ತದೆ, ಹತ್ತನೆಯದಕ್ಕೆ ಮೈಯೇ ವಾಲುತ್ತದೆ. ಮೊದಲ ಸಲ ಇದನ್ನು ಕಲಿತು ಇಟಲಿಯವರಿಗೆ ಸಮನಾಗಿ ನಿಂತ ರಷ್ಯನ್ ಬ್ಯಾಲೆರಿನಾ ಮಟಿಲ್ಡಾ ಕ್ಷೆಸಿನ್‌ಸ್ಕಾಯಾ. ಪಾವ್ಲೊವಾಳಿಗೂ ಅದೇ ಆಸೆ. ಕಮಾನು ಹೆಚ್ಚಿನ, ಹರಡು ಸಡಿಲವಾದ ಕಾಲಿಗೆ ಅದು ಒಗ್ಗುವ ಕಸರತ್ತಲ್ಲ. ಗುರು ಪಾವೆಲ್ ಗೆರ್ಟ್ ಆಕೆಗೆ ಹೇಳಿದ ಬುದ್ಧಿಮಾತಿನ ಸಾರ ಇಷ್ಟು: ಸರ್ಕಸ್ಸು ಬೇರೆಯವರು ಮಾಡಿಕೊಳ್ಳಲಿ, ನಿನ್ನ ನಾಜೂಕೇ ನಿನ್ನ ಬಂಡವಾಳ.

ಆಕೆ ಆ ಮಾತನ್ನು ಅರ್ಧ ಕೇಳಿದಳು. ಮಿಲಾನಿಗೆ ಹೋಗಿ ಕತೆರೀನಾ ಬೆರೆತ್ತಾಳ ಹತ್ತಿರ ಕಲಿತಳು. ಆಮೇಲೆ ಎನ್ರಿಕೊ ಚೆಕೆಟ್ಟಿಯನ್ನು ಖಾಸಗಿ ಗುರುವಾಗಿ ಇಟ್ಟುಕೊಂಡಳು. ಚೆಕೆಟ್ಟಿಯ ಪಾಠದಲ್ಲಿ ಸೋಮವಾರದಿಂದ ಶನಿವಾರದವರೆಗೆ ಒಂದೊಂದು ದಿನಕ್ಕೆ ಒಂದೊಂದು ಬಗೆಯ ಅಭ್ಯಾಸ ಗೊತ್ತುಮಾಡಿರುತ್ತಿತ್ತು. ಮೈಯ ಯಾವ ಭಾಗಕ್ಕೂ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಫ್ವೆತೆಯ ರಾಣಿ ಆಕೆ ಎಂದೂ ಆಗಲಿಲ್ಲ. ಆದರೆ ಒಂಟಿಕಾಲ ತುದಿಯಲ್ಲಿ ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚಿ, ಸಂಗೀತ ಮುಂದೆ ಹೋದರೂ ಇವಳು ಅಲ್ಲೇ ನಿಂತಿದ್ದಾಳೆಂದು ಅನ್ನಿಸುವಷ್ಟು ಹೊತ್ತು ನಿಲ್ಲುತ್ತಿದ್ದಳಲ್ಲ, ಅದರ ಹಿಂದೆ ಈ ಅಭ್ಯಾಸವಿದೆ, ಆ ಚರ್ಮದ ಪಟ್ಟಿಯೂ ಇದೆ.

ಮರೀನ್ಸ್ಕಿಯ ಏಣಿಯನ್ನು ಬೇಗ ಹತ್ತಿದಳು. 1899ರಲ್ಲಿ ಸೇರಿದಾಗಲೇ ಗುಂಪಿನ ಸಾಲಿನಲ್ಲಿ ನಿಲ್ಲಿಸದೆ ಒಂದು ಮೆಟ್ಟಿಲು ಮೇಲೆ ಇಟ್ಟರು. 1902ರಲ್ಲಿ ‘ಲಾ ಬಯಾದೇರ್’ನ ನಿಕಿಯಾ, ದೇವದಾಸಿಯ ಕತೆ, ಪೀಟರ್ಸ್‌ಬರ್ಗ್ ಕಲ್ಪಿಸಿಕೊಂಡ ಭಾರತ. 1903ರಲ್ಲಿ ಮುದುಕ ಮರಿಯಸ್ ಪೆಟಿಪಾ ಕಲಿಸಿದ ‘ಜಿಸೆಲ್’. ಮೊದಲ ಅಂಕದಲ್ಲಿ ಮೋಸಹೋಗಿ ಬುದ್ಧಿ ಕಳೆದುಕೊಳ್ಳುವ ಹಳ್ಳಿ ಹುಡುಗಿ, ಎರಡನೆಯದರಲ್ಲಿ ತೂಕವೇ ಇಲ್ಲದ ಪ್ರೇತ. ಶಾಲೆಯಲ್ಲಿ ತಪ್ಪೆನಿಸಿದ್ದ ಮೈಕಟ್ಟು ಇಲ್ಲಿ ಪಾತ್ರಕ್ಕೆ ತಾನಾಗಿ ಹೊಂದಿತು. 1906ರಲ್ಲಿ ಬ್ಯಾಲೆರಿನಾ ಪದವಿ. ನಡುವೆ 1905ರ ಕ್ರಾಂತಿಯ ದಿನಗಳಲ್ಲಿ ನರ್ತಕರು ಮುಷ್ಕರ ಹೂಡಿದಾಗ ಮುಂದೆ ನಿಂತವರಲ್ಲಿ ಫೋಕಿನ್, ಕರ್ಸಾವಿನಾ ಜೊತೆ ಇವಳೂ ಇದ್ದಳು.

ಆ ಮಿಖಾಯಿಲ್ ಫೋಕಿನ್‌ನ ಬಳಿಯೇ ಒಂದು ದಿನ, ಸಹಾಯಾರ್ಥ ಪ್ರದರ್ಶನಕ್ಕೆ ಚಿಕ್ಕದೊಂದು ನೃತ್ಯ ಬೇಕು ಎಂದು ಕೇಳಿದಳು. ಆತನಿಗೆ ಆಗ ಮ್ಯಾಂಡೊಲಿನ್ ಹುಚ್ಚು. ಫ್ರೆಂಚ್ ಸಂಗೀತಗಾರ ಸೇನ್-ಸಾನ್ಸ್‌ನ ‘ಹಂಸ’ ನುಡಿಸುತ್ತಿದ್ದ. ಅದನ್ನೇ ಮಾಡೋಣ ಎಂದ. ಕೆಲವೇ ನಿಮಿಷಗಳಲ್ಲಿ ಆಗಿಹೋಯಿತು ಎಂದು ಆಮೇಲೆ ತಾನೇ ಬರೆದುಕೊಂಡ. ಅದು ಮೊದಲು ರಂಗಕ್ಕೆ ಬಂದದ್ದು 1905ರಲ್ಲಿ ಎಂದು ಬಹುಕಾಲ ನಂಬಿದ್ದರು. 1907ರ ಡಿಸೆಂಬರ್ ಎಂಬುದನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ. ಉಡುಪು ಲಿಯಾನ್ ಬಾಕ್‌ಸ್ತ್‌ನದು.

ಮೂರು ನಿಮಿಷದ ಆಸುಪಾಸಿನ ಈ ನೃತ್ಯದಲ್ಲಿ ಒಂದು ಜಿಗಿತವಿಲ್ಲ, ಒಂದು ಫ್ವೆತೆಯಿಲ್ಲ. ಕಾಲಿಗೆ ಇರುವುದು ಬಹುಮಟ್ಟಿಗೆ ಒಂದೇ ಹೆಜ್ಜೆ, ಬುರೆ. ಎರಡೂ ಪಾದ ತುದಿಯಲ್ಲಿ, ಒಂದರ ಹಿಂದೆ ಒಂದು ಒತ್ತಿ ನಿಂತು, ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ ತೇಲಿಹೋಗುವುದು. ಕೇಳಲು ಸುಲಭ. ಮಂಡಿಯನ್ನು ಬಿಗಿಯಾಗಿ ನೆಟ್ಟಗೆ ಮಾಡಿದರೆ ಮೈ ಕುಲುಕುತ್ತದೆ, ಹಂಸ ಹೋಗಿ ಕೋಳಿಯಾಗುತ್ತದೆ. ಮಂಡಿ ಬಹಳ ಸಡಿಲಬಿಟ್ಟರೆ ಕೂತು ಓಡಿದಂತೆ ಕಾಣುತ್ತದೆ. ಹೆಜ್ಜೆ ಒಂದಿಷ್ಟು ದೊಡ್ಡದಾದರೆ ಎರಡು ಕಾಲಿನ ನಡುವೆ ಬೆಳಕು ಕಂಡು ತೇಲುವ ಭ್ರಮೆ ಒಡೆಯುತ್ತದೆ. ಇನ್ನೊಂದು ತಪ್ಪು ಕಿವಿಯದು. ಚೆಲ್ಲೋದ ರಾಗ ನಿಧಾನ, ಕೆಳಗೆ ಎರಡು ಪಿಯಾನೋಗಳ ಅಲೆ ಚುರುಕು. ಕಾಲು ಆ ಅಲೆಯಂತೆ ಚುರುಕಾಗಿ ಅದುರುತ್ತಿರಬೇಕು, ಕೈ ಮಾತ್ರ ಚೆಲ್ಲೋ ಜೊತೆ ಉಸಿರಾಡಬೇಕು. ಎರಡನ್ನೂ ಒಂದೇ ಲಯಕ್ಕೆ ಕಟ್ಟಿದವಳು ಕೆಟ್ಟಳು.

ಕೈಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಮಣಿಕಟ್ಟನ್ನು ಬಡಿಯುವುದು. ರೆಕ್ಕೆ ಹುಟ್ಟುವುದು ಬೆನ್ನಿನಲ್ಲಿ, ಭುಜದ ಎಲುಬಿನ ಹಿಂದೆ; ಅಲ್ಲಿಂದ ಮೊಣಕೈಗೆ, ಕೊನೆಗೆ ಬೆರಳಿಗೆ ಬರಬೇಕು. ಮುಕ್ತಾಯದಲ್ಲಿ ಒಂದು ಮಂಡಿಯೂರಿ, ಇನ್ನೊಂದು ಕಾಲನ್ನು ಮುಂದೆ ಚಾಚಿ, ಅದರ ಮೇಲೆ ಮೈ ಮಡಚಿಕೊಳ್ಳುತ್ತದೆ. ಫೋಕಿನ್ ಈ ನೃತ್ಯದ ಭಂಗಿಗಳನ್ನು 1925ರಲ್ಲಿ 36 ಫೋಟೋಗಳಾಗಿ ಪ್ರಕಟಿಸಿದ, ಭಂಗಿ ಕೊಟ್ಟವಳು ಹೆಂಡತಿ ವೇರಾ. ಆ ಚಿತ್ರಗಳನ್ನು ಒಂದಾದಮೇಲೊಂದು ಹಿಡಿದರೂ ನೃತ್ಯ ಹುಟ್ಟುವುದಿಲ್ಲ, ಏಕೆಂದರೆ ಅದು ಇರುವುದು ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ಕಮಾನಿನ ಪಾದ, ಉದ್ದ ಕೈ, ಕಡ್ಡಿ ಮೈ: ಪಾವ್ಲೊವಾಳ ಬಳಿ ಇದ್ದದ್ದಷ್ಟನ್ನೂ ಈ ನೃತ್ಯ ಬಳಸಿತು, ಇಲ್ಲದ್ದನ್ನು ಕೇಳಲೇ ಇಲ್ಲ.

1909ರಲ್ಲಿ ರಂಗ ಸಂಘಟಕ ದ್ಯಾಗಿಲೆವ್ ಪ್ಯಾರಿಸ್ಸಿಗೆ ರಷ್ಯನ್ ಬ್ಯಾಲೆ ಒಯ್ದಾಗ ಊರ ತುಂಬ ಅಂಟಿಸಿದ ಪೋಸ್ಟರಿನಲ್ಲಿ ಇದ್ದದ್ದು ಸೆರೋವ್ ಬರೆದ ಪಾವ್ಲೊವಾಳ ಚಿತ್ರ. ಆಕೆ ತಡವಾಗಿ ಬಂದಳು, ಕೆಲಕಾಲ ನರ್ತಕ ನಿಜಿನ್‌ಸ್ಕಿ ಜೊತೆ ಕುಣಿದಳು, ಹೆಚ್ಚು ದಿನ ಉಳಿಯಲಿಲ್ಲ. ಮರುವರ್ಷದ ‘ಫೈರ್‌ಬರ್ಡ್’ಗೆ ಸ್ಟ್ರಾವಿನ್‌ಸ್ಕಿ ಬರೆದ ಸಂಗೀತ ಆಕೆಗೆ ಸೇರಲಿಲ್ಲ, ಪಾತ್ರ ಕರ್ಸಾವಿನಾಳ ಪಾಲಾಯಿತು. ಹೊಸತನ್ನು ಕಂಡರೆ ಹೆದರುವ ಗುಣ ಎಂದು ಚರಿತ್ರೆ ಬರೆಯುವವರು ಇಲ್ಲಿ ಷರಾ ಹಾಕುತ್ತಾರೆ. ಆ ಮಾತನ್ನು ಪೂರ್ತಿ ಅಲ್ಲಗಳೆಯಲಾರೆ. ಆಕೆಯ ಸಂಗೀತದ ಆಯ್ಕೆ ಎಷ್ಟೋ ಸಲ ತೀರ ಸಪ್ಪೆ.

1910ರಲ್ಲಿ ಮಿಖಾಯಿಲ್ ಮೋರ್ದ್‌ಕಿನ್ ಜೊತೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ, ಆಮೇಲೆ ಲಂಡನ್ನಿನ ಪ್ಯಾಲೇಸ್ ಥಿಯೇಟರ್. ಈ ಎರಡನೆಯದು ವೆರೈಟಿ ಮನೋರಂಜನೆಯ ಜಾಗ; ಹಾಡು, ಹಾಸ್ಯ, ಕಸರತ್ತುಗಳ ನಡುವೆ ಬ್ಯಾಲೆ. 1912ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ಐವಿ ಹೌಸ್ ಎಂಬ ಮನೆಯಲ್ಲಿ ನೆಲೆಸಿದಳು. ಕೊಳದಲ್ಲಿ ಹಂಸ ಸಾಕಿದಳು. ಜ್ಯಾಕ್ ಎಂಬುದೊಂದು ಆಕೆಯ ಕುತ್ತಿಗೆ ಸುತ್ತಿಕೊಂಡ ಫೋಟೋ ಇದೆ. ಮೊದಲ ಮಹಾಯುದ್ಧ ಶುರುವಾದ ಮೇಲೆ ರಷ್ಯಾಕ್ಕೆ ಮತ್ತೆ ಹೋಗಲಿಲ್ಲ.

ಉಳಿದ ಬದುಕು ರೈಲು, ಹಡಗು. ಸ್ವಂತ ತಂಡ, ವ್ಯವಹಾರ ನೋಡಿಕೊಳ್ಳಲು ವಿಕ್ಟರ್ ದಾಂದ್ರೆ, ವಾದ್ಯವೃಂದ ನಡೆಸಲು ಥಿಯೊಡೋರ್ ಸ್ಟಿಯರ್. ತಂಡದ ಹುಡುಗಿಯರಲ್ಲಿ ಇಂಗ್ಲಿಷರೇ ಬಹಳ. ಹೆಸರಿಗೆ ರಷ್ಯನ್ ಬಾಲ ಹಚ್ಚುವ ಕಾಲ, ಹಿಲ್ಡಾ ಬೂಟ್ ಎಂಬಾಕೆ ಹಿಲ್ಡಾ ಬುತ್ಸೊವಾ ಆದಳು. ಕಾರ್ಯಕ್ರಮದಲ್ಲಿ ಚಿಕ್ಕ ಬ್ಯಾಲೆ ಒಂದೆರಡು, ಆಮೇಲೆ ಎರಡು ಮೂರು ನಿಮಿಷದ ಬಿಡಿ ನೃತ್ಯಗಳ ಸಾಲು. ‘ಕ್ಯಾಲಿಫೋರ್ನಿಯಾ ಪಾಪಿ’ಯಲ್ಲಿ ಉಡುಪಿನ ದಳಗಳು ಬಿಚ್ಚಿ, ಸಂಜೆಯಾಗುತ್ತಲೇ ಮುಚ್ಚಿಕೊಳ್ಳುತ್ತವೆ, ‘ಡ್ರ್ಯಾಗನ್‌ಫ್ಲೈ’ಯಲ್ಲಿ ಬೆನ್ನಿಗೆ ರೆಕ್ಕೆ. ಈ ತುಣುಕು ನೃತ್ಯಗಳನ್ನು ಹಗುರ ಎಂದು ಟೀಕಿಸುವುದು ಸುಲಭ. ದಿನಕ್ಕೊಂದು ಊರು, ಸಿಕ್ಕ ವಾದ್ಯಗಾರರು, ಗುರುತಿಲ್ಲದ ರಂಗ ಇದ್ದಾಗ ನಾಲ್ಕು ಅಂಕದ ಬ್ಯಾಲೆ ಹೊರುವುದು ಹೇಗೆ? ಮರೀನ್ಸ್ಕಿಯ ರಂಗ ಪ್ರೇಕ್ಷಕರ ಕಡೆಗೆ ಇಳಿಜಾರು. ಸಮತಟ್ಟು ಹಲಗೆಗೆ ಬಂದರೆ ಮೈಯ ತೂಕ ಎಲ್ಲಿ ಇಡಬೇಕೆಂಬ ಲೆಕ್ಕವೇ ಬದಲಾಗುತ್ತದೆ. 1919ರಲ್ಲಿ ಮೆಕ್ಸಿಕೊ ನಗರದ ಗೂಳಿಕಾಳಗದ ಅಖಾಡದಲ್ಲಿ ಕುಣಿದಳು. ಅಲ್ಲಿನ ಜನಪದ ನೃತ್ಯ ಹರಾಬೆ ತಪತೀಯೊವನ್ನು ತುದಿಗಾಲಲ್ಲಿ ಮಾಡಿ ಆ ಊರನ್ನು ಗೆದ್ದಳು. 1917ರಲ್ಲಿ ಪೆರುವಿನ ಲಿಮಾದಲ್ಲಿ ಆಕೆಯನ್ನು ನೋಡಿದ ಹದಿಮೂರರ ಹುಡುಗ ಫ್ರೆಡರಿಕ್ ಆಷ್ಟನ್ ಮುಂದೆ ಇಂಗ್ಲೆಂಡಿನ ಬ್ಯಾಲೆಗೆ ಬುನಾದಿ ಹಾಕಿದವರಲ್ಲಿ ಒಬ್ಬನಾದ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎರಡೂ ‘ಪಾವ್ಲೊವಾ’ ಎಂಬ ಸಿಹಿ ತಮ್ಮದೆಂದು ಇಂದಿಗೂ ಜಗಳವಾಡುತ್ತವೆ. ಮೊಟ್ಟೆಯ ಬಿಳಿ, ಸಕ್ಕರೆ ಕಡೆದು ಬೇಯಿಸಿದ್ದು, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಆಕೆಯ ಶೂಗೂ ಇದೇ ವರ್ಣನೆ ಸಲ್ಲುತ್ತದೆ.

ಭಾರತಕ್ಕೆ ಎರಡು ಸಲ ಬಂದಳು. 1922ರಲ್ಲಿ ಜಪಾನಿನಿಂದ ಶುರುವಾದ ಪೂರ್ವದ ಪ್ರವಾಸದಲ್ಲಿ ಒಮ್ಮೆ, 1928–29ರಲ್ಲಿ ಇನ್ನೊಮ್ಮೆ. ಮರೀನ್ಸ್ಕಿಯ ನಿಕಿಯಾ ಆಗಿ ಕುಣಿದವಳು ನಿಜವಾದ ದೇವಸ್ಥಾನದ ನೃತ್ಯ ನೋಡಬೇಕೆಂದು ಬಂದರೆ, ತೋರಿಸುವವರು ಸಿಗಲಿಲ್ಲ. ಅಂಥ ನೃತ್ಯದ ಹೆಸರೆತ್ತಲೂ ಓದಿದವರು ನಾಚುತ್ತಿದ್ದ ಕಾಲ. ಲಂಡನ್ನಿಗೆ ಮರಳಿದ ಮೇಲೆ, ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆ ಓದುತ್ತಿದ್ದ ಉದಯ ಶಂಕರ್ ಪರಿಚಯವಾಯಿತು. 1923ರಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಆಕೆ ರಾಧೆ, ಆತ ಕೃಷ್ಣ. ಸಂಗೀತ ಕೊಟ್ಟವರು ಕೊಮಲತಾ ಬ್ಯಾನರ್ಜಿ. ಅದೇ ವರ್ಷ ಅಜಂತಾ ಚಿತ್ರಗಳನ್ನು ಆಧರಿಸಿದ ಬ್ಯಾಲೆಯನ್ನೂ ಮಾಡಿಸಿದಳು. ಚಿತ್ರಕಾರನಾಗಬೇಕಿದ್ದ ಶಂಕರ್ ನರ್ತಕರಾದದ್ದು ಹೀಗೆ.

ಎರಡನೆಯ ಪ್ರವಾಸದ ಹೊತ್ತಿಗೆ ರುಕ್ಮಿಣಿ ದೇವಿಯವರು ಆಕೆಯ ಒಡನಾಟಕ್ಕೆ ಬಂದರು. ಆಸ್ಟ್ರೇಲಿಯಾದ ಹಡಗಿನಲ್ಲಿ ಇಬ್ಬರೂ ಜೊತೆಯಾದರು. ರುಕ್ಮಿಣಿ ದೇವಿಯವರಿಗೆ ಬ್ಯಾಲೆ ಕಲಿಯುವ ಆಸೆ. ತಂಡದ ಕ್ಲಿಯೊ ನೋರ್ದಿ ಪಾಠ ಹೇಳಿದಳು. ನಿಮ್ಮ ನೆಲದ ನೃತ್ಯವನ್ನೂ ಹುಡುಕಿಕೊಳ್ಳಿ ಎಂದವಳು ಪಾವ್ಲೊವಾ. 1935ರಲ್ಲಿ ಅಡ್ಯಾರಿನಲ್ಲಿ ರುಕ್ಮಿಣಿ ದೇವಿ ಭರತನಾಟ್ಯದ ರಂಗ ಹತ್ತಿದರು, ಮರುವರ್ಷ ಮುಂದೆ ಕಲಾಕ್ಷೇತ್ರವಾದ ಸಂಸ್ಥೆ ಹುಟ್ಟಿತು. ಇಷ್ಟಕ್ಕೆ ಭರತನಾಟ್ಯವನ್ನು ಪಾವ್ಲೊವಾ ಉಳಿಸಿದಳು ಎನ್ನುವವರು ಸಿಗುತ್ತಾರೆ. ಅದು ಅತಿಯಾಯಿತು. ತಲೆಮಾರುಗಳಿಂದ ಅದನ್ನು ಮೈಯಲ್ಲಿ ಹೊತ್ತುಕೊಂಡು ಬಂದ ದೇವದಾಸಿ ಮನೆತನಗಳೂ ನಟುವನಾರರೂ ಅಲ್ಲೇ ಇದ್ದರಲ್ಲ.

1931ರ ಜನವರಿ. ಫ್ರಾನ್ಸಿನ ದಕ್ಷಿಣದಲ್ಲಿ ವಿಶ್ರಾಂತಿ ಮುಗಿಸಿ ಹೊರಟವಳು ಹೇಗ್ ತಲುಪುವಷ್ಟರಲ್ಲಿ ಕಾಯಿಲೆ ಬಿದ್ದಿದ್ದಳು. ಶ್ವಾಸಕೋಶದ ಹೊದಿಕೆಗೆ ಸೋಂಕು. ಪೆನಿಸಿಲಿನ್ ಔಷಧವಾಗಿ ಸಿಗಲು ಇನ್ನೂ ಹತ್ತು ವರ್ಷ ಇತ್ತು. ಜನವರಿ 23ರಂದು ಹೋಟೆಲ್ ಡೆಸ್ ಇಂಡೆಸ್‌ನಲ್ಲಿ ತೀರಿಕೊಂಡಳು. ಐವತ್ತು ತುಂಬಲು ಮೂರು ವಾರ ಬಾಕಿ. ಹಂಸದ ಉಡುಪು ತನ್ನಿ ಎಂದಳು ಎಂಬ ಕತೆಯನ್ನು ನಂಬುವವರು ನಂಬಲಿ. ಗೋಲ್ಡರ್ಸ್ ಗ್ರೀನ್‌ನ ಚಿತಾಗಾರದಲ್ಲಿ ಬೂದಿ ಇದೆ. ಮಾಸ್ಕೋಗೆ ಒಯ್ಯುವ ಮಾತು 2001ರಲ್ಲಿ ಎದ್ದು ಅಲ್ಲಿಗೇ ನಿಂತಿತು.

ಆಕೆ ಕುಣಿದದ್ದು ನೋಡಲು ಸಿಗುತ್ತದೆ. 1924ರಲ್ಲಿ ಹಾಲಿವುಡ್‌ನಲ್ಲಿ ಡಗ್ಲಸ್ ಫೇರ್‌ಬ್ಯಾಂಕ್ಸ್‌ನ ಸ್ಟುಡಿಯೋ ಒಳಗೆ ಕೆಲವು ನೃತ್ಯಗಳನ್ನು ಚಿತ್ರೀಕರಿಸಿದರು, ಹಂಸವೂ ಅದರಲ್ಲಿದೆ. ಮೊದಲ ನೋಟಕ್ಕೆ ನಿರಾಸೆ ಆದರೆ ಆಶ್ಚರ್ಯವಿಲ್ಲ: ಮೂಕಿ ಕ್ಯಾಮೆರಾ ಸೆಕೆಂಡಿಗೆ ಹಿಡಿಯುತ್ತಿದ್ದ ಚಿತ್ರಗಳು ಕಡಿಮೆ, ಈಗ ಓಡಿಸುವುದು 24ರಂತೆ. ಕೈ ಪಟಪಟ ಬಡಿದಂತೆ ಕಾಣುತ್ತದೆ, ಹಂಸ ಗಾಬರಿಬಿದ್ದಂತಿರುತ್ತದೆ. ಮೊಬೈಲಿನಲ್ಲಿ ವೇಗವನ್ನು ಮುಕ್ಕಾಲಿಗೆ ಇಳಿಸಿ, ಸದ್ದು ನಿಲ್ಲಿಸಿ. ಮುಖವನ್ನು ಬಿಟ್ಟು ಕೆಳಗೆ ನೋಡಿ. ಫೋಟೋದ ಅಂಚನ್ನು ಅಳಿಸಿದ ಹಾಗೆ ಸಾವಿರಾರು ಚೌಕಟ್ಟುಗಳಲ್ಲಿ ಶೂ ತುದಿಯನ್ನು ಅಳಿಸಲು ಯಾರಿಂದಲೂ ಆಗಿಲ್ಲ.